ಹಗುರಾದವರನ್ನು ಎತ್ತಬಾರದು

ನಮ್ಮೂರಿನಲ್ಲಿ ಮಕ್ಕಳಿಗೆ ಹದಿಮೂರು ತುಂಬುತ್ತಿದ್ದಂತೆ ಮೈಭಾರ ಹೋಗುತ್ತದೆ. ಒಂದು ಬೆಳಿಗ್ಗೆ ಮಗು ಎದ್ದು ಅಂಗಳಕ್ಕೆ ಬರುತ್ತದೆ, ಆಗಷ್ಟೇ ಸಾರಿಸಿದ ಹಸಿ ನೆಲದ ಮೇಲೆ ಹೆಜ್ಜೆ ಮೂಡುವುದಿಲ್ಲ. ತಾಯಿಯಾದವಳು ಅದನ್ನು ನೋಡಿ, ಒಳಗೆ ಹೋಗಿ, ಹೊಲಿದಿಟ್ಟಿದ್ದ ಮರಳುಪಟ್ಟಿಯನ್ನು ತಂದು ಮಗುವಿನ ಸೊಂಟಕ್ಕೆ ಬಿಗಿಯುತ್ತಾಳೆ. ಅಂದು ಮನೆಯಲ್ಲಿ ಹೋಳಿಗೆ. ಅಲ್ಲಿಂದ ಮುಂದೆ ಅಂಥ ಮಕ್ಕಳಿಗೆ ಹಗುರಾದವರು ಎಂದೇ ಹೆಸರು. ಕಟಿಂಗ್ ಅಂಗಡಿಯವನು ಅವರ ತೊಡೆಯ ಮೇಲೆ ಒಂದು ಕಲ್ಲಿಟ್ಟು ಕತ್ತರಿ ಹಿಡಿಯುತ್ತಾನೆ. ಬಸ್ಸಿನಲ್ಲಿ ಅವರನ್ನು ಕಿಟಕಿಯ ಪಕ್ಕ ಕೂರಿಸುವುದಿಲ್ಲ. ಗಾಳಿ ಎದ್ದ ದಿನ ಶಾಲೆಗೆ ರಜೆ. ಹದಿನಾರಕ್ಕೋ ಹದಿನೆಂಟಕ್ಕೋ ಭಾರ ಮರಳಿ ಬರುತ್ತದೆ. ಯಾವಾಗ ಎಂದು ಯಾರೂ ಹೇಳಲಾರರು, ಅದು ಹೇಳದೆ ಕೇಳದೆ ಬರುವ ನೆಂಟರ ಹಾಗೆ ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಬರುವವರೆಗೆ ಪಾಲಿಸಬೇಕಾದ ನಿಯಮ ಒಂದೇ. ಹಗುರಾದವರನ್ನು ಯಾರೂ ಎತ್ತಬಾರದು. ಎತ್ತಿದರೆ ಭಾರಕ್ಕೆ ದಾರಿ ತಪ್ಪುತ್ತದೆ ಎನ್ನುತ್ತಿದ್ದರು ಹಿರಿಯರು. ನನ್ನ ಮಗಳು ನೀಲಾಂಬಿಕೆಗೆ ಪಟ್ಟಿ ಕಟ್ಟಿದ ದಿನವೇ ನಾನೂ ಅವಳನ್ನು ಎತ್ತುವುದನ್ನು ಬಿಟ್ಟೆ. ಅದರ ಹಿಂದಿನ ದಿನದವರೆಗೂ ಆಕೆ ಅಷ್ಟು ದೊಡ್ಡವಳಾದರೂ ಬಂದು ಸೊಂಟದ ಮೇಲೆ ಕೂರುತ್ತಿದ್ದಳು.

ನಾನು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಮಧ್ಯಾಹ್ನದ ಮೇಲೆ ಮನೆಯಲ್ಲಿ ಮರಳುಪಟ್ಟಿ ಹೊಲಿಯುತ್ತೇನೆ. ನಮ್ಮ ಮನೆಯವರು ಗುರುಸಿದ್ದಪ್ಪ, ಹಿಟ್ಟಿನ ಗಿರಣಿಯಲ್ಲಿ ಕೂತು ಮಾಡುವ ಕೆಲಸ ಅವರದು. ನಿಂತು ಮಾಡುವ ಕೆಲಸ ಅವರಿಗೆ ಆಗದು. ಅದಕ್ಕೆ ಕಾರಣ ನಮ್ಮ ಶಾಲೆಯ ಹಿಂದಿರುವ ನೀರಿನ ಟಾಕಿ.

ಟಾಕಿಯಲ್ಲಿ ಈಗ ನೀರಿಲ್ಲ. ಹಗುರಾದ ಮಕ್ಕಳು ಕಣ್ತಪ್ಪಿಸಿ ಅದನ್ನು ಹತ್ತುತ್ತಾರೆ, ಪಟ್ಟಿ ಬಿಚ್ಚಿ ಎಸೆಯುತ್ತಾರೆ, ಹಾರುತ್ತಾರೆ. ಬೇವಿನ ಎಲೆಯಂತೆ ಅತ್ತ ಇತ್ತ ತೇಲುತ್ತ, ಮನೆಗಳ ಮಾಳಿಗೆ ದಾಟಿ, ಯಾರದೋ ಹಿತ್ತಲಿನಲ್ಲಿ ಇಳಿಯುತ್ತಾರೆ. ನೋಡಿದವರಿಗೆ ಅದು ತಪ್ಪು ಎಂದು ತಕ್ಷಣ ಅನ್ನಿಸುವುದಿಲ್ಲ, ಅಷ್ಟು ಚಂದ. ಆದರೆ ಭಾರ ಬರುವುದು ಆಗಲೇ ಆದರೆ? ನಮ್ಮ ಮನೆಯವರಿಗೆ ಬಂದದ್ದು ಆಗಲೇ. ಹದಿನೇಳನೆಯ ವಯಸ್ಸಿನಲ್ಲಿ, ಆಲದ ಮರದ ತುದಿಯಷ್ಟು ಎತ್ತರದಲ್ಲಿ. ಸೊಂಟದ ಎಲುಬು ಮುರಿದು, ಕೂಡಿದ್ದು ಸೊಟ್ಟಗೆ ಕೂಡಿತು.

ಪ್ರತಿ ವರ್ಷ ಶಾಲೆಯಲ್ಲಿ ಎಚ್ಚರಿಕೆಯ ದಿನ ಎಂದು ಮಾಡುತ್ತಾರೆ. ಹಗುರಾದ ಮಕ್ಕಳನ್ನೆಲ್ಲ ಬಯಲಿನಲ್ಲಿ ಕೂರಿಸಿ, ಮುಖ್ಯೋಪಾಧ್ಯಾಯ ಹುದ್ದಾರ ಸರ್ ಭಾಷಣ ಮಾಡಿ, ಕೊನೆಗೆ ನಮ್ಮ ಮನೆಯವರನ್ನು ವೇದಿಕೆಗೆ ಕರೆಯುತ್ತಾರೆ. "ನಡದು ತೋರಸಪಾ ಗುರುಸಿದ್ದಾ" ಎನ್ನುತ್ತಾರೆ. ಅವರು ವೇದಿಕೆಯ ಈ ತುದಿಯಿಂದ ಆ ತುದಿಗೆ ಕುಂಟುತ್ತ ನಡೆಯುತ್ತಾರೆ, ತಿರುಗಿ ಬರುತ್ತಾರೆ. ಒಂದು ತೆಂಗಿನಕಾಯಿ, ಒಂದು ಟವೆಲ್ ಕೊಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ನಾನು ಅನ್ನ ಬಡಿಸುವಾಗ ಸಾಲಿನಲ್ಲಿ ನಿಂತ ಹುಡುಗರು ಒಬ್ಬರ ಹಿಂದೊಬ್ಬರು ಹಾಗೆಯೇ ಕುಂಟುತ್ತ ತಟ್ಟೆ ಒಡ್ಡುತ್ತಾರೆ. ನಕ್ಕು ಮುಗಿದ ಮೇಲೆ ಅವರಲ್ಲಿ ಅರ್ಧ ಮಂದಿ ಟಾಕಿಯ ಕಡೆ ಹೋಗುತ್ತಾರೆ.

ಮೊದಲ ಸಲ ಹಗುರಾದವರ ಸಾಲಿನಲ್ಲಿ ಕೂತು ಅದನ್ನು ನೋಡಿದ ದಿನ ನೀಲಾ ಮನೆಗೆ ಬಂದು ಊಟ ಮಾಡಲಿಲ್ಲ. ಅಪ್ಪನ ಮುಂದೆ ನಿಂತು ಯಾಕೆ ಹೋಗುತ್ತೀರಿ ಎಂದು ಕೇಳಿದಳು. ಅವರು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, ತಮ್ಮನ್ನು ನೋಡಿ ಒಬ್ಬ ಹುಡುಗನಾದರೂ ಹಾರದೆ ಉಳಿದರೆ ಸಾಕಲ್ಲವೇ ಎಂದರು. ಆಕೆ ಹೇಳಿದಳು: "ಯಾರೂ ಉಳಿಯಂಗಿಲ್ಲಪ್ಪಾ. ನೀವು ನಡದದ್ದ ಒಂದು ಬಂತು." ಅವರು ಟವೆಲ್ ಕೊಡವಿ ಗೂಟಕ್ಕೆ ಹಾಕಿದರು. ಮರುವರ್ಷವೂ ಕರೆದಾಗ ಹೋದರು.

ಮೂರು ವರ್ಷ ಕಳೆದು ನೀಲಾ ಹತ್ತನೆಯ ಇಯತ್ತೆಗೆ ಬಂದಳು. ಆ ಮಳೆಗಾಲ ಮುಗಿದ ಮೇಲೆ ಒಂದು ದಿನ, ಹಂಡೆಯ ತಳದಲ್ಲಿ ಹತ್ತಿದ ಅನ್ನದ ಚಕ್ಕೆಯನ್ನು ಯಾರಿಗೂ ಕೊಡದೆ ತನಗೆ ಎತ್ತಿಡು ಎಂದು ಕೇಳಿದಳು. ಆ ಕಂದುಬಣ್ಣದ ಚಕ್ಕೆಗೆ ಮಕ್ಕಳು ಜಗಳವಾಡುತ್ತಾರೆ. ಮಗಳಿಗೆ ಬಾಯಿ ಚಪಲ ಎಂದುಕೊಂಡು ಕೊಟ್ಟೆ. ಮರುವಾರ ಮತ್ತೆ ಕೇಳಿದಳು. ನನ್ನ ಜೊತೆ ಅಡುಗೆ ಮಾಡುವ ಹಸೀನಾಬಿ, "ಅಕ್ಕಾ, ನಿನ್ನ ಮಗಳು ಅಡಗಿಮನಿ ಹಿಂದ ಬ್ಯಾರೆ ಹೋಟೆಲ್ ತಗದಾಳ ನೋಡ ಹೋಗ" ಎಂದಳು.

ಹಿಂದಿನ ಬೇವಿನ ಮರದ ಕೆಳಗೆ ಹೋಗಿ ನೋಡಿದೆ. ದೊಡ್ಡ ತರಗತಿಯ ಐದಾರು ಮಕ್ಕಳು, ಒಬ್ಬೊಬ್ಬರ ಮುಂದೆ ಸಣ್ಣವರ ಗುಂಪು. ಸಣ್ಣವರು ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಮಗಳು ಒಬ್ಬೊಬ್ಬ ಹುಡುಗಿಯ ಕಂಕುಳಿಗೆ ಕೈ ಹಾಕಿ ಎತ್ತಿ, ಒಂದು ಕ್ಷಣ ಹಿಡಿದು, ಕೆಳಗಿಡುತ್ತಿದ್ದಳು. ಅವಳ ಗೆಳತಿ ದಾನಮ್ಮ ಹುಡುಗರನ್ನೂ ಬಿಡದೆ ಎತ್ತುತ್ತಿದ್ದಳು. ನನ್ನ ಕೈಯಲ್ಲಿದ್ದ ಸೌಟು ಬಿತ್ತು. ಹಗುರಾದವರನ್ನು ಎತ್ತುತ್ತಿದ್ದಾರೆ, ಅದೂ ಒಬ್ಬರನ್ನಲ್ಲ, ಊರಿನ ಮಕ್ಕಳನ್ನೆಲ್ಲ.

ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಅವಳನ್ನು ಬೈದೆ. ಯಾರ ಮಗುವಿಗಾದರೂ ಭಾರ ಬಾರದೆ ಹೋದರೆ ಜನ ನಮ್ಮ ಬಾಗಿಲಿಗೆ ಬರುತ್ತಾರೆ ಎಂದೆ. ಬೈಗುಳ ಮುಗಿಯುವವರೆಗೂ ಆಕೆ ಒಲೆಗೆ ಕಟ್ಟಿಗೆ ಒಡ್ಡುತ್ತ ಕೂತಿದ್ದಳು. ಆಮೇಲೆ ಹೇಳಿದಳು.

"ಟಾಕಿ ಏಣಿಯ ಮ್ಯಾಲಿನ ಮೆಟ್ಟಲ ಮುರದಾವ ಅವ್ವಾ. ಮೊದಲ ಹತ್ತಿದಾಕಿ ಕೆಳಗಿನಾಕೀನ ಕೈ ಹಿಡದು ಜಗ್ಗಬೇಕು. ದಾನೀನ ನಾನ ಜಗ್ಗತಿದ್ದೆ, ದಿನಾ. ಅಕಿ ಕೈಯಾಗ ಏನೂ ಭಾರ ಇರತಿರಲಿಲ್ಲ. ಒಂದಿನ ಜಗ್ಗಿದ್ರ ತುಂಬಿದ ಕೊಡಾ ಜಗ್ಗಿದಂಗ ಆತು. ಎಷ್ಟ ರೊಟ್ಟಿ ತಿಂದೀಯೇ ಅಂತ ನಕ್ಕೆ. ಇಬ್ಬರೂ ಹಾರಿದ್ವಿ. ನಾ ತೇಲಾಕತ್ತಿದ್ದೆ, ಅಕಿ ಇಳದಬಿಟ್ಟಳು. ಹಿಮ್ಮಡಿ ಒಡದು ರಕ್ತ. ಮರುದಿನ ಮುಂಜಾನೆ ಅಕಿಗೆ ಭಾರ ಪೂರಾ ಬಂದಿತ್ತು."

ನನ್ನ ಕೈಯ ರೊಟ್ಟಿ ಅರ್ಧಕ್ಕೆ ನಿಂತಿತು. ಮಗಳು ಹಾರುತ್ತಿದ್ದಳು ಎಂಬುದು ನನಗೆ ಆಗಲೇ ಗೊತ್ತಾದದ್ದು. ಅವಳ ಪಟ್ಟಿಯ ಗಂಟನ್ನು ದಿನಾ ಬೆಳಿಗ್ಗೆ ನಾನೇ ಹಾಕುತ್ತಿದ್ದೆ, ಸಂಜೆ ನಾನೇ ಬಿಚ್ಚುತ್ತಿದ್ದೆ. ನಡುವೆ ಅದೇ ಗಂಟನ್ನು ಅಷ್ಟೇ ಚೆನ್ನಾಗಿ ಹಾಕಲು ಕಲಿತಿದ್ದಳು.

ಭಾರ ಒಮ್ಮೆಲೇ ಬರುವುದಿಲ್ಲ ಎಂದಳು ನೀಲಾ. ಎರಡು ಮೂರು ದಿನ ಮೊದಲೇ ಒಳಗೆ ಇಳಿಯತೊಡಗುತ್ತದೆ. ತನ್ನ ಭಾರ ತನಗೆ ತಿಳಿಯುವುದಿಲ್ಲ, ಇನ್ನೊಬ್ಬರ ಕೈಗೆ ತಿಳಿಯುತ್ತದೆ. ನಮ್ಮೂರಿನಲ್ಲಿ ಹಗುರಾದವರನ್ನು ಯಾರೂ ಎತ್ತುವುದಿಲ್ಲ, ಆದ್ದರಿಂದ ಯಾರಿಗೂ ತಿಳಿದಿಲ್ಲ. ತಿಳಿದ ಮಕ್ಕಳು ಹಾರಲು ಹೋದಾಗ ತಿಳಿದವರು, ಅವರು ಮನೆಯಲ್ಲಿ ಹೇಳುವುದುಂಟೇ?

ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ಕೇಳಿದ್ದು ಒಂದೇ ಮಾತು. "ಅವತ್ತ ನನ್ನ ಯಾರರೆ ಎತ್ತಿ ನೋಡಿದ್ರ ಗೊತ್ತಾಗತಿತ್ತೇನವಾ?"

"ಗೊತ್ತಾಗತಿತ್ತಪ್ಪಾ" ಎಂದಳು.

ಅವರು ಒಳಗೆ ಬಂದು ಗೋಡೆಗೆ ಒರಗಿ ಕೂತರು. ರೊಟ್ಟಿ ಹಾಕು ಎಂದರು. ಎಂದಿಗಿಂತ ಒಂದು ಹೆಚ್ಚೇ ತಿಂದರು. ನಾನು ಮತ್ತೆ ಬೈಯಲಿಲ್ಲ.

ಆಮೇಲೆ ಅಡುಗೆಮನೆಯ ಹಿಂದಿನ ಕಿಟಕಿಯಿಂದ ನಾನು ದಿನವೂ ನೋಡುತ್ತಿದ್ದೆ. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಎತ್ತುತ್ತಿದ್ದರು, ಇಳಿಸುತ್ತಿದ್ದರು, ಮಾತಾಡುತ್ತಿದ್ದರು. ಎತ್ತಿದವರ ಕೈಯಲ್ಲಿ ಇದ್ದಾಗ ಮಕ್ಕಳು ಏನೆಲ್ಲ ಹೇಳುತ್ತಿದ್ದವು! ನಿನ್ನೆ ಹಾರಿದೆ, ತಂತಿಗೆ ಸಿಕ್ಕಿಕೊಂಡೆ, ಅಪ್ಪ ಹೊಡೆದ, ಹಾರದಿದ್ದರೆ ಅಂಜುಬುರುಕಿ ಅನ್ನುತ್ತಾರೆ. ನೀಲಾಳ ಗುಂಪಿಗೆ ಎರಡೇ ಕಟ್ಟಳೆ. ಇಲ್ಲಿ ಕೇಳಿದ್ದನ್ನು ಮನೆಗಾಗಲಿ ಸರ್‌ಗಾಗಲಿ ಒಯ್ಯಬಾರದು. ಆ ದಿನ ಎತ್ತಿಸಿಕೊಳ್ಳದೆ ಯಾರೂ ಟಾಕಿಯ ಹತ್ತಿರ ಹೋಗಬಾರದು. ಹತ್ತಿದ ಅನ್ನದ ಚಕ್ಕೆಯ ಗುಟ್ಟೂ ಆಗ ತಿಳಿಯಿತು. ಭಾರ ಬರತೊಡಗಿದ್ದು ಗೊತ್ತಾದರೆ ಮಕ್ಕಳು ಮುಚ್ಚಿಡುತ್ತಿದ್ದರು. ಭಾರ ಬಂದರೆ ಆಟ ಮುಗಿಯಿತು, ಗಿರಣಿಯೋ ಗದ್ದೆಯೋ ಒಲೆಯೋ ಶುರುವಾಯಿತು. ಅದಕ್ಕೆ ನೀಲಾ ಒಂದು ಪದ್ಧತಿ ಮಾಡಿದ್ದಳು. ಯಾರಿಗೆ ಭಾರ ಬರುತ್ತಿದೆ ಎಂದು ಕೈಗೆ ತಿಳಿಯುವುದೋ ಅವರನ್ನು ಎಲ್ಲರೂ ಸೇರಿ ಹೆಗಲ ಮೇಲೆ ಹೊತ್ತು ಬೇವಿನ ಮರ ಸುತ್ತಿಸಬೇಕು, ಚಕ್ಕೆ ಅವರಿಗೇ ಸಿಗಬೇಕು. ಅದು ಅವರನ್ನು ಕೊನೆಯ ಸಲ ಎತ್ತುವುದಾದ್ದರಿಂದ ಕಡೇ ಎತ್ತು ಎಂದು ಹೆಸರಿಟ್ಟಿದ್ದರು. ಈಗ ಮಕ್ಕಳು ಅದಕ್ಕಾಗಿ ಕಾಯತೊಡಗಿದ್ದರು. ದೀಪಾವಳಿ ಕಳೆಯುವ ಹೊತ್ತಿಗೆ ಟಾಕಿಯ ಕಡೆ ಹೋಗುವವರೇ ಕಡಿಮೆಯಾದರು. ಬೇವಿನ ಕೆಳಗೆ ಹರಟೆ ಅಷ್ಟು ಬೆಳೆದಿತ್ತು.

ಇಂಥದ್ದು ಮುಚ್ಚಿಟ್ಟರೆ ಉಳಿಯುತ್ತದೆಯೇ? ಭರಮು ಎಂಬ ಹುಡುಗನ ತಾಯಿಗೆ ಸುದ್ದಿ ಮುಟ್ಟಿತು. ಅವನಷ್ಟು ದೂರ ತೇಲಿದವರು ಶಾಲೆಯಲ್ಲಿ ಇರಲಿಲ್ಲ, ಅದು ಅವನ ತಾಯಿಗೆ ಮಾತ್ರ ಗೊತ್ತಿರಲಿಲ್ಲ. ಆಕೆ ನಾಲ್ಕು ಮಂದಿಯನ್ನು ಕರೆದುಕೊಂಡು ಶಾಲೆಗೆ ಬಂದಳು. ನನ್ನ ಮಗನಿಗೆ ಭಾರ ಬರದಿದ್ದರೆ ಆ ಹುಡುಗಿ ಬಂದು ಜೀವನಪೂರ್ತಿ ಅವನ ಕಾಲು ಹಿಡಿದುಕೊಂಡು ಕೂರುತ್ತಾಳೇನು ಎಂದು ಕೇಳಿದಳು. ಹುದ್ದಾರ ಸರ್ ನೀಲಾಳನ್ನೂ ನನ್ನನ್ನೂ ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಟಾಕಿಗೆ ಬೇಲಿ ಹಾಕಿಸಿದವರು ಅವರು, ಬೇಲಿ ಮುರಿದಾಗಲೆಲ್ಲ ತಾವೇ ನಿಂತು ಕಟ್ಟಿದವರು.

ಹಾರಲು ಅಪ್ಪಣೆ ಕೊಡಲು ನೀನು ಯಾರು ಎಂದು ಅವರು ಕೇಳಿದರು. ನನ್ನ ಮಗಳು ಕೈಕಟ್ಟಿ ನಿಂತು, ದನಿ ಏರಿಸದೆ ಹೇಳಿದಳು: "ಅಪ್ಪಣಿ ಅಲ್ರೀ ಸರ್. ನೀವು ಬ್ಯಾಡ ಅಂದಾಗೂ ಹಾರಿದ್ರು, ನಮ್ಮಪ್ಪನ್ನ ನಡಸಿ ತೋರಿಸಿದಾಗೂ ಹಾರಿದ್ರು. ನಾ ಎತ್ತಿಸ್ಕೋರಿ ಅಂದೆ, ಅಷ್ಟ."

ಸರ್ ಮುಖ ಕೆಂಪಾಯಿತು. ಎಚ್ಚರಿಕೆಯ ದಿನ ಹತ್ತಿರವಿತ್ತು. ಅಂದು ಎಲ್ಲರ ಮುಂದೆ ನೀಲಾ ವೇದಿಕೆಗೆ ಬಂದು, ಎತ್ತಿದ್ದು ತಪ್ಪು, ಇನ್ನು ಯಾರೂ ಎತ್ತಬೇಡಿ ಎಂದು ಹೇಳಬೇಕು, ಇಲ್ಲವಾದರೆ ಪರೀಕ್ಷೆಗೆ ಮೊದಲೇ ಶಾಲೆ ಬಿಡಬೇಕು ಎಂದರು. ನಾನು ಆಕೆಯ ಮುಖ ನೋಡಿದೆ. ಆಕೆ ಓದಿ ನರ್ಸ್ ಆಗಬೇಕು ಎಂದು ಎಂದಿನಿಂದಲೋ ಹೇಳುತ್ತಿದ್ದಳು. ದಾರಿಯಲ್ಲಿ ಅವಳಿಗೆ ಹೇಳು ಎನ್ನಲು ಬಾಯಿ ಬರಲಿಲ್ಲ, ಹೇಳಬೇಡ ಎನ್ನಲು ಧೈರ್ಯ ಬರಲಿಲ್ಲ.

ಆ ದಿನ ಬಂತು. ಬಯಲಿನ ತುಂಬ ಮಕ್ಕಳು, ಹಿಂದೆ ತಂದೆತಾಯಂದಿರು. ನಾನು ಹಂಡೆಯ ಕೆಳಗಿನ ಬೆಂಕಿ ತಗ್ಗಿಸಿ ಸೆರಗಿಗೆ ಕೈ ಒರೆಸುತ್ತ ಬಂದು ನಿಂತೆ. ನಮ್ಮ ಮನೆಯವರು ನಡೆಯುತ್ತಿದ್ದರು. ವೇದಿಕೆಯ ನಡುವಿಗೆ ಬಂದವರು ನಿಂತುಬಿಟ್ಟರು. ನಮ್ಮೆಲ್ಲರ ತಲೆಯ ಮೇಲಿಂದ ದೂರ ನೋಡುತ್ತಿದ್ದರು. ಎಲ್ಲರೂ ತಿರುಗಿದೆವು. ಟಾಕಿಯ ಅಂಚಿನಲ್ಲಿ ಭರಮು ನಿಂತಿದ್ದ. ತಾಯಿ ಅಂದು ಬೆಳಿಗ್ಗೆ ಅವನನ್ನು ಬೇವಿನ ಮರದ ಕಡೆ ಹೋಗಗೊಡದೆ ಕೈಹಿಡಿದು ಕರೆತಂದಿದ್ದಳಂತೆ. ಗೆಳೆಯರು ನಕ್ಕರಂತೆ. ಅವನ ಪಟ್ಟಿ ಕೆಳಗೆ ಬಿದ್ದಿತ್ತು.

ಸರ್ ಮೈಕಿನಲ್ಲಿ ಕೂಗಿದರು. ಇಳಿ, ಇಲ್ಲದಿದ್ದರೆ ಹೆಸರು ತೆಗೆಯುತ್ತೇನೆ ಎಂದರು. ಅವನು ಇನ್ನೂ ಅಂಚಿಗೆ ಬಂದ. ತಾಯಿ ಚೀರಿದಳು, ಅವನು ತೋಳು ಚಾಚಿದ. ಅಷ್ಟರಲ್ಲಿ ನೀಲಾ ಸಾಲಿನಿಂದ ಎದ್ದು ಟಾಕಿಯ ಕಡೆ ನಡೆದಿದ್ದಳು. ಓಡಲಿಲ್ಲ. ಓಡಿದರೆ ಅವನು ಹಾರುತ್ತಾನೆ ಎಂದು ಆಮೇಲೆ ಹೇಳಿದಳು. ಅವಳ ಹಿಂದೆ ದಾನಮ್ಮ. ಏಣಿ ಹತ್ತಿ, ಮುರಿದ ಮೆಟ್ಟಿಲ ಕೆಳಗೆ ನಿಂತು ನೀಲಾ ಮೇಲೆ ಕೈ ಚಾಚಿದಳು.

"ಭರಮೂ, ನನ್ನ ಜಗ್ಗಲೇ. ನಾನೂ ಬರತೇನಿ."

ಅವನು ಒಂದು ಕ್ಷಣ ನೋಡಿ, ಬಗ್ಗಿ ಕೈ ಕೊಟ್ಟು ಎಳೆದುಕೊಂಡ. ಇಬ್ಬರೂ ಅಂಚಿನಲ್ಲಿ ನಿಂತರು. ಅವರಾಡಿದ ಮಾತು ಅಷ್ಟು ದೂರ ಕೇಳಿಸಲಿಲ್ಲ, ದಾನಮ್ಮ ಏಣಿಯಲ್ಲಿದ್ದು ಕೇಳಿ ಹೇಳಿದ್ದು. ಹಾರಬೇಡ ಎಂದು ನೀಲಾ ಒಂದು ಸಲವೂ ಅನ್ನಲಿಲ್ಲವಂತೆ. ಇವತ್ತು ಎತ್ತಿಸಿಕೊಂಡಿಲ್ಲವಲ್ಲ, ಎತ್ತಿಸಿಕೋ, ಆಮೇಲೆ ನಿನ್ನಿಷ್ಟ ಎಂದಳಂತೆ. ನಾವು ನೋಡಿದ್ದು ಇಷ್ಟೇ. ಆಕೆ ಅವನ ಕಂಕುಳಿಗೆ ಕೈ ಹಾಕಿದಳು. ಎತ್ತಿದಳು. ಅವನ ಹಿಮ್ಮಡಿ ಎದ್ದಿತು, ಬೆರಳು ಏಳಲಿಲ್ಲ. ಮತ್ತೊಮ್ಮೆ ಎತ್ತಿದಳು. ಆಗಲಿಲ್ಲ. ನಕ್ಕಳು, ಅದು ನನಗೆ ಕಂಡಿತು. ಅಂಥ ಜಾಗದಲ್ಲಿ ನಿಂತು ನನ್ನ ಮಗಳು ನಕ್ಕಳು.

"ಬಂದೈತಿ ಮಗನ, ನಿನಗ ಭಾರ ಬಂದೈತಿ. ಚಕ್ಕಿ ನಿಂದ" ಎಂದಳಂತೆ.

ಭರಮು ತನ್ನ ಕೈಗಳನ್ನೇ ನೋಡಿಕೊಂಡು ನಿಂತನಂತೆ. ಸುಳ್ಳು ಎಂದನಂತೆ. ಆಗ ಆಕೆ ತನ್ನ ಪಟ್ಟಿ ಬಿಚ್ಚಿಟ್ಟು, ನನ್ನನ್ನು ನೀನು ಎತ್ತು ಎಂದಳಂತೆ. ಅವನು ಒಂದೇ ಕೈಯಲ್ಲಿ ಎತ್ತಿದ, ನಾವೂ ನೋಡಿದೆವು, ಆಕೆ ಹತ್ತಿಯ ಹಾಗೆ ಎದ್ದಳು. ವ್ಯತ್ಯಾಸ ಅವನಿಗೇ ತಿಳಿಯಿತು. ಅಂಚಿನಿಂದ ಹಿಂದೆ ಸರಿದು ಕೂತುಬಿಟ್ಟ. ಇಳಿಯುವಾಗ ಒಂದೊಂದೇ ಮೆಟ್ಟಿಲು ತಡವರಿಸಿ ಇಳಿದ. ಅವನ ಕಾಲಿಗೆ ಆ ಏಣಿ ಮೊದಲ ಸಲ ಕಿರುಗುಟ್ಟಿತು.

ಕೆಳಗೆ ಬಂದೊಡನೆ ಮಕ್ಕಳು ಅವನನ್ನು ಹೆಗಲ ಮೇಲೆ ಹೊತ್ತರು. ಎಚ್ಚರಿಕೆಯ ದಿನದ ಸಾಲುಗಳೆಲ್ಲ ಮುರಿದು, ಯಾರ ಅಪ್ಪಣೆಯೂ ಇಲ್ಲದೆ ಬಯಲು ಸುತ್ತಿದರು. ಅವನ ತಾಯಿ ಅಳುತ್ತ ನಗುತ್ತ ಹಿಂದೆ ಹಿಂದೆ ಓಡಿದಳು.

ಹುದ್ದಾರ ಸರ್ ವೇದಿಕೆಯ ಮೇಲೆ ಮೈಕು ಹಿಡಿದೇ ನಿಂತಿದ್ದರು. ನೀಲಾ ಅವರ ಮುಂದೆ ಬಂದಳು. ತಪ್ಪು ಎಂದು ಹೇಳುವ ಹೊತ್ತು ಅದು. ಆದರೆ ಸರ್ ಅವಳ ಕಡೆ ನೋಡಲೇ ಇಲ್ಲ, ನಮ್ಮ ಮನೆಯವರ ಕಡೆ ತಿರುಗಿದರು. ಅವರಿಬ್ಬರೂ ಒಂದೇ ತರಗತಿಯಲ್ಲಿ ಓದಿದವರೆಂದು ನನಗೆ ಗೊತ್ತಿತ್ತು. ಆ ದಿನ ಟಾಕಿಯ ಮೇಲೆ ಇದ್ದದ್ದು ಒಬ್ಬರಲ್ಲ, ಇಬ್ಬರು ಎಂಬುದು ಗೊತ್ತಿರಲಿಲ್ಲ.

"ಅವತ್ತ ನಿನ್ನ ನಾನ ಜಗ್ಗಿದ್ದೆ, ಗುರುಸಿದ್ದಾ. ಕೈ ಜಗ್ಗಿತ್ತೋ. ಎಷ್ಟ ಉಂಡೀಯಲೇ ಅಂತ ನಕ್ಕಿದ್ದೆ." ಮೈಕು ಬಂದ್ ಮಾಡಿರಲಿಲ್ಲ. ಬಯಲಿಗೆಲ್ಲ ಕೇಳಿಸಿತು.

ನಮ್ಮ ಮನೆಯವರು ಕುಂಟುತ್ತ ಅವರ ಹತ್ತಿರ ಹೋಗಿ ಮೈಕನ್ನು ಕೈಯಿಂದ ತೆಗೆದು ಕೆಳಗಿಟ್ಟರು. "ಇರಲಿ ಬಿಡೋ, ನನಗ ಗೊತ್ತಿತ್ತೇನು, ನಿನಗ ಗೊತ್ತಿತ್ತೇನು" ಎಂದರು. ಇಬ್ಬರೂ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಮಕ್ಕಳ ಮೆರವಣಿಗೆ ನೋಡಿದರು. ತಪ್ಪೊಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲು ತೆಗೆಯಲು ಹೋದಾಗ, ಪಾತ್ರೆ ತೊಳೆಯುವ ಕಡೆಯ ಕೆಸರಿನಲ್ಲಿ ಹೆಜ್ಜೆಗಳಿದ್ದವು. ಆಳವಾದ, ಐದೂ ಬೆರಳು ಎಣಿಸಬಹುದಾದ ಹೆಜ್ಜೆ. ಆ ತುದಿಯಲ್ಲಿ ಭರಮು ನಿಂತು, ತಾನು ನಡೆದು ಬಂದದ್ದನ್ನು ತಿರುಗಿ ನೋಡುತ್ತಿದ್ದ. ಅವನನ್ನು ಕರೆದು ಚಕ್ಕೆ ಕೊಟ್ಟೆ, ಹಿಂದಿನ ದಿನದ್ದು, ಎತ್ತಿಟ್ಟಿದ್ದೆ.

ಈಗ ಪ್ರಾರ್ಥನೆ ಮುಗಿದ ಮೇಲೆ ಬಯಲಿನಲ್ಲೇ ಎತ್ತುತ್ತಾರೆ. ಎಲ್ಲರ ಮುಂದೆ, ಸರ್ ಎದುರಿಗೇ. ಆದರೆ ಸರ್ ಆಗಲಿ ಬೇರೆ ಮಾಸ್ತರರಾಗಲಿ ಎತ್ತುವುದಿಲ್ಲ, ಎತ್ತುವವರು ದೊಡ್ಡ ತರಗತಿಯ ಮಕ್ಕಳೇ. ನಾವು ಎತ್ತಿದರೆ ಅವು ಬಾಯಿ ಬಿಡುವುದಿಲ್ಲ, ಅದು ನಮಗೂ ಅರ್ಥವಾಗಿದೆ. ನೀಲಾ ಕಾಲೇಜಿಗೆ ಸೇರಿದ ಮೇಲೂ ದಿನಾ ಬೆಳಿಗ್ಗೆ ಹೋಗಿ ಹೊಸ ಮಕ್ಕಳಿಗೆ ಕೈ ಎಲ್ಲಿ ಹಾಕಬೇಕು, ಎಷ್ಟು ಹೊತ್ತು ಹಿಡಿಯಬೇಕು, ಎತ್ತಿದಾಗ ಎಷ್ಟು ಸುಮ್ಮನಿರಬೇಕು ಎಂದು ಕಲಿಸಿ ಬರುತ್ತಾಳೆ. ಈ ವರ್ಷ ಎಚ್ಚರಿಕೆಯ ದಿನ ನಮ್ಮ ಮನೆಯವರನ್ನು ಕರೆದವರು ಮಕ್ಕಳು. ನಡೆದು ತೋರಿಸಿ ಎನ್ನಲಿಲ್ಲ. ಮೇಲಿಂದ ಊರು ಹೇಗೆ ಕಾಣುತ್ತಿತ್ತು ಹೇಳಿ ಎಂದರು. ಅವರು ಕುರ್ಚಿಯಲ್ಲಿ ಕೂತು, ಒಣಹಾಕಿದ ಮೆಣಸಿನಕಾಯಿಯ ಕೆಂಪು ಮಾಳಿಗೆಗಳನ್ನು, ಕೆಳಗೆ ತಮ್ಮ ನೆರಳು ಓಡುತ್ತಿದ್ದುದನ್ನು, ಬೀಳುವ ಮೊದಲು ತಮಗೆ ಎಷ್ಟು ಸಂತೋಷವಾಗಿತ್ತು ಎಂಬುದನ್ನು ಹೇಳಿದರು. ಮದುವೆಯಾದಾಗಿನಿಂದ ನಾನು ಆ ಮಾತು ಕೇಳಿರಲಿಲ್ಲ. ಬೀಳುವುದನ್ನೂ ಹೇಳಿದರು, ಕೊನೆಗೆ, ಒಂದೇ ವಾಕ್ಯದಲ್ಲಿ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟದ ಸಾಲಿನಲ್ಲಿ ಯಾರೂ ಕುಂಟಲಿಲ್ಲ.

ಮೊನ್ನೆ ಸಂಜೆ ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ. ಹಗಲೆಲ್ಲ ಹಂಡೆ ಇಳಿಸಿ ತೋಳು ಸೋತಿತ್ತು. ನೀಲಾ ಬಂದು ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, "ಅವ್ವಾ, ಎತ್ತಿ ನೋಡ" ಎಂದಳು. ಬೆಳಿಗ್ಗೆ ಯಾರೂ ನೋಡಲಿಲ್ಲವೇ ಎಂದು ಕೇಳಿದೆ. ದಾನಿ ಎತ್ತಲು ಬಂದಳು, ನಾನೇ ಬೇಡ ಎಂದೆ, ನಿನ್ನಿಂದಲೇ ತಿಳಿಯಬೇಕು ಎನಿಸಿತು ಎಂದಳು. ಎದ್ದು ನಿಂತೆ. ನಾಲ್ಕು ವರ್ಷದಿಂದ ಕೈ ಹಾಕದ ಕಂಕುಳಿಗೆ ಕೈ ಹಾಕಿದೆ, ನನ್ನ ತೋಳಿಗೆ ಏನು ತಿಳಿಯುತ್ತದೋ ಎಂಬ ಅಳುಕು. ಎತ್ತಿದೆ. ತೋಳು ಜಗ್ಗಿತು. ದಿನವೂ ಅನ್ನದ ಹಂಡೆ ಇಳಿಸುವ ಕೈಗಳಿವು, ಅವಕ್ಕೆ ಮೋಸವಾಗುವುದಿಲ್ಲ.

"ಬಂತವಾ" ಎಂದೆ.

ಆಕೆ ನನ್ನ ಹೆಗಲ ಮೇಲೆ ಗಲ್ಲ ಊರಿ ನಕ್ಕಳು. "ಹಂಗಾದ್ರ ಇಳಸು. ನಿನ್ನ ಕೈ ನೋಯತಾವು."

ನೋಯುತ್ತಿದ್ದವು. ಇಳಿಸಲಿಲ್ಲ.